ಬೀರವ್ವ ಕುಡಿಯದ ಮಜ್ಜಿಗೆ

ಸೋಲಾಪುರದ ಹತ್ತಿರದ ವಳಸಂಗದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪಡಸಾಲೆಯ ಕಂಬಕ್ಕೆ ಬಿಗಿದ ಹಗ್ಗ ಬೀರವ್ವನ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಜಾರುತ್ತಿದೆ. ಗಡಿಗೆಯೊಳಗೆ ಕಡಗೋಲು ತಿರುಗುವ ಸದ್ದು ಮೊದಲು ತೆಳ್ಳಗಿರುತ್ತದೆ, ಆಮೇಲೆ ದಪ್ಪಗಾಗುತ್ತದೆ, ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಸಡಿಲಗೊಳ್ಳುತ್ತದೆ. ಅದಕ್ಕೇ ಕಾದಿದ್ದವರಂತೆ ಅವರು ಹಗ್ಗ ಬಿಡುತ್ತಾರೆ. ಬೆಣ್ಣೆ ಕೂಡಿದೆ. ಬೆರಳು ಮಡಚಿ ಅದನ್ನು ಬಾಚಿ ತೆಗೆದು ತಣ್ಣೀರಿನ ಬೋಗುಣಿಗೆ ಹಾಕುತ್ತಾರೆ. ಮಜ್ಜಿಗೆಗೆ ಜಜ್ಜಿದ ಜೀರಿಗೆ, ಕೊತ್ತಂಬರಿ, ಮೂರು ಬೆರಳ ತುದಿಗೆ ಸಿಕ್ಕಷ್ಟು ಉಪ್ಪು ಬೀಳುತ್ತದೆ. ಅಷ್ಟು ದೊಡ್ಡ ಗಡಿಗೆಗೆ ಅಷ್ಟೇ ಉಪ್ಪು.

"ಸಾರಿಕಾ, ಬಾ ಇಲ್ಲೆ. ನಾಲಿಗಿ ಹಚ್ಚಿ ನೋಡು."

ಸೊಸೆ ಸಾರಿಕಾ ಅರ್ಧ ಹೆಣೆದ ಜಡೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದು ಇನ್ನೊಂದು ಅಂಗೈ ಒಡ್ಡುತ್ತಾಳೆ. ಗುಟುಕರಿಸಿ ಮುಖ ಕಿವಿಚುತ್ತಾಳೆ.

"ಸಪ್ಪಗೈತಿ, ಅತ್ತಿ."

"ಸಪ್ಪಗಂದ್ರ ಎಷ್ಟ ಸಪ್ಪಗ? ನಿನ್ನೀಕಿಂತ ಹೆಚ್ಚೋ ಕಡಮಿಯೋ?"

"ನಿನ್ನೀ ಅಷ್ಟ."

"ಹಂಗಾರ ಬರೋಬರ್ ಐತಿ. ಹೋಗು, ಜಡಿ ಮುಗಿಸು."

ಬೀರವ್ವ ತಾವು ರುಚಿ ನೋಡುವುದಿಲ್ಲ. ಐವತ್ತು ದಾಟಿದ ಈ ಹೆಂಗಸು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಕುರಿ ಸಾಕುವವರ ಮನೆಗೇ ಸೊಸೆಯಾಗಿ ಬಂದು, ಹಾಲು ಮೊಸರಿನಲ್ಲೇ ಕೈ ಅದ್ದಿ ಬೆಳೆದವರು. ಈಗ ಮಜ್ಜಿಗೆಯ ಹನಿ ತುಟಿಯ ಹತ್ತಿರ ಸಿಡಿದರೂ ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಯಾಕೆಂದು ವಳಸಂಗದವರಿಗೆ ಗೊತ್ತು. ಸೋಲಾಪುರದ ನವಿ ಪೇಠೆಯಲ್ಲಿ ದಿನವೂ ಅವರ ಕೈಯಿಂದ ಲೋಟ ಇಸಿದುಕೊಳ್ಳುವವರಿಗೆ ಗೊತ್ತಿಲ್ಲ.

ಹಿತ್ತಲಿನ ಕೊಟ್ಟಿಗೆಯಲ್ಲಿ ಮಗ ಅಮೋಲ ಎಮ್ಮೆ ಹಿಂಡಿ ಮುಗಿಸಿದ್ದಾನೆ. ನೊರೆ ತುಂಬಿದ ಕೊಡವನ್ನು ಹೊಸ್ತಿಲ ಬಳಿ ಇಟ್ಟು, ಕಂಬಳಿ ಹೆಗಲಿಗೆ ಹಾಕಿ, ಉಳಿದಿರುವ ಸಣ್ಣ ಹಿಂಡನ್ನು ಅಟ್ಟಿಕೊಂಡು ಹೊಲದ ಕಡೆ ಹೊರಡುತ್ತಾನೆ. ಹೆಗಲಿನಲ್ಲಿ ನೀರಿನ ದೊಡ್ಡ ಬಾಟಲಿ ಇದೆಯೋ ಇಲ್ಲವೋ ಎಂದು ಬೀರವ್ವ ಬಾಗಿಲಿಗೆ ಬಂದು ನೋಡುತ್ತಾರೆ. ಮೂವತ್ತರ ಆಸುಪಾಸಿನ ಅಮೋಲನ ಬಲಗಡೆಯ ಮೂತ್ರಪಿಂಡ ಹೆಚ್ಚುಕಡಿಮೆ ಸತ್ತಿದೆ. ಅಲ್ಲಿನ ಹರಳು ಸದ್ದಿಲ್ಲದೆ ದಾರಿ ಕಟ್ಟಿ, ನೋವು ಗೊತ್ತಾಗುವ ಹೊತ್ತಿಗೆ ಅಂಗ ಬತ್ತಿಹೋಗಿತ್ತು. ಎಡಗಡೆಯದರಲ್ಲಿ ಒಂದು ಸಣ್ಣ ಹರಳು ಕೂತಿದೆ. ಅದು ಬೆಳೆಯಬಾರದು, ಅದಕ್ಕೆ ಜೊತೆ ಹುಟ್ಟಬಾರದು. ಬೀರವ್ವನ ದಿನದ ಎಲ್ಲ ಕೆಲಸ, ಎಲ್ಲ ಮಾತು, ಎಲ್ಲ ಜಗಳ ಕೊನೆಗೆ ಬಂದು ನಿಲ್ಲುವುದು ಆ ಒಂದು ಅಂಗದ ಮೇಲೆ.

ದಾರಿಯುದ್ದಕ್ಕೂ ಜನರನ್ನು ತುಂಬಿಕೊಳ್ಳುವ ವಡಾಪ್ ಜೀಪು ಊರ ಅಗಸಿಗೆ ಬರುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಸಿದ್ಧ. ಮಜ್ಜಿಗೆಯ ಎರಡು ಕ್ಯಾನುಗಳು ಬೀರವ್ವನ ಮೊಣಕಾಲುಗಳ ನಡುವೆ, ಲಿಂಬೆಹಣ್ಣಿನ ಚೀಲ ಸಾರಿಕಾಳ ತೊಡೆಯ ಮೇಲೆ. ಹೋಟಗಿಯಲ್ಲಿ ರೈಲ್ವೆ ಕೆಲಸಕ್ಕೆ ಹೋಗುವ ಗಂಡಸರು ಇಳಿಯುತ್ತಾರೆ, ಸೋಲಾಪುರಕ್ಕೆ ಹೋಗುವವರು ಏರುತ್ತಾರೆ. ಒಬ್ಬನ ಮೊಣಕೈ ಕ್ಯಾನಿಗೆ ತಾಗಿದರೆ ಬೀರವ್ವ ಮರಾಠಿಯಲ್ಲಿ ಗದರುತ್ತಾರೆ, ಸಾರಿಕಾಳ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಾರೆ.

ನವಿ ಪೇಠೆಯಲ್ಲಿ ಬಟ್ಟೆ ಅಂಗಡಿಗಳ ಷಟರ್ ಏಳುತ್ತಿವೆ. ಲಕ್ಷ್ಮೀಕಾಂತ ಸಾವಕಾರರ ಸೀರೆ ಅಂಗಡಿಯ ಪಕ್ಕದ ಮೆಟ್ಟಿಲೇ ಬೀರವ್ವನ ಜಾಗ. ಸಾರಿಕಾ ಅದೇ ಅಂಗಡಿಯೊಳಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ಮಾಡುತ್ತಾಳೆ. ಮೊದಲ ಗಿರಾಕಿ ಯಾವತ್ತೂ ಹಮಾಲ ಕೈಲಾಸ. ಬಟ್ಟೆಯ ಗಂಟು ಇಳಿಸಿ, ನಡು ಹಿಡಿದುಕೊಂಡು ನಿಲ್ಲುತ್ತಾನೆ. ಪೇಠೆಯವರಿಗೆಲ್ಲ ಬೀರವ್ವ ಮಾವಶಿ, ಅಂದರೆ ಚಿಕ್ಕವ್ವ.

"ಏನ ಮಾವಶಿ, ಸೋಲಾಪುರದಾಗ ಉಪ್ಪಿಂದು ಟಂಚಾಯಿ ಬಿದ್ದೈತೇನ, ಎಲ್ಲೂ ಸಿಗವಲ್ದೇನ?"

"ನಿನ್ನ ಅಂಗಿ ಮ್ಯಾಲ ಬೆಳ್ಳಗ ಕುಂತೈತಲ್ಲೋ ಬೇಕಾದಷ್ಟು. ನೆಕ್ಕಿಕೊಂತ ಕುಡಿ."

"ಆ ಕಡಿ ಮೂಲ್ಯಾಗಿನವ ಉಪ್ಪು ಹಾಕಿ ಕೊಡ್ತಾನ."

"ಅಲ್ಲೇ ಹೋಗು. ನಾಳೆ ನಡಾ ಹಿಡಕೊಂಡು ದವಾಖಾನಿಯಾಗ ಬಿದ್ದಾಗ ನಾ ಬಂದು ಒಂದ ಮುಷ್ಟಿ ಉಪ್ಪು ಕೊಟ್ಟು ಬರ್ತೀನಿ."

ಕೈಲಾಸ ನಗುತ್ತಾ ಎರಡನೆಯ ಲೋಟಕ್ಕೆ ಕೈ ಚಾಚುತ್ತಾನೆ. ಅವನ ತಮಾಷೆಯ ಹಿಂದೆ ಒಂದು ಸರಳ ಸಂಗತಿಯಿದೆ. ನಾವು ತಿನ್ನುವ ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಹೊರಬೀಳುವ ಸುಣ್ಣದ ಅಂಶವೂ ಹೆಚ್ಚುತ್ತದೆ. ಕಡಿಮೆ ನೀರು ಕುಡಿದವರ ದೇಹದಲ್ಲಿ ಆ ಸುಣ್ಣ ಹರಳುಗಟ್ಟಲು ಜೊತೆ ಹುಡುಕುತ್ತದೆ. ಬಿಸಿಲಲ್ಲಿ ಬೆವರು ಸುರಿಸುವ ಹಮಾಲರಿಗೆ ತುಸು ಉಪ್ಪು ಬೇಕೇ ಬೇಕು, ಅದಕ್ಕೇ ಬೀರವ್ವ ಪೂರ್ತಿ ಬಿಟ್ಟಿಲ್ಲ. ಆದರೆ ಚಹಾದಂಗಡಿಯ ಭಜಿ, ಉಪ್ಪಿನಕಾಯಿ, ಹಪ್ಪಳದಲ್ಲಿ ಅವರಿಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಉಪ್ಪು ಕಡಿಮೆ ಮಾಡಿದ ಮೊದಲ ವರ್ಷ ಅರ್ಧದಷ್ಟು ಗಿರಾಕಿಗಳು ಆ ಮೂಲೆಯವನ ಕಡೆಗೆ ಹೋದರು. ನಿಧಾನವಾಗಿ ಒಬ್ಬೊಬ್ಬರೇ ತಿರುಗಿ ಬಂದರು. ಎಲ್ಲರೂ ಬರಲಿಲ್ಲ.

ಅಂಗಡಿಯ ಹುಡುಗಿಯರದು ಬೇರೆ ಕಥೆ. ಬೆಳಗ್ಗೆ ಮನೆಯಿಂದ ಹೊರಟರೆ ರಾತ್ರಿ ಮನೆ ಸೇರುವ ತನಕ ನೀರು ಮುಟ್ಟದೆ ಇರುವುದನ್ನು ಅವರು ಕೆಲಸದ ಜೊತೆಗೇ ಕಲಿತುಬಿಟ್ಟಿದ್ದರು. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಶೌಚಾಲಯ ಇತ್ತು, ಅದಕ್ಕೆ ಬೀಗವೂ ಇತ್ತು. ಕೀಲಿ ಕೇಳಲು ಸಾವಕಾರರ ಗಲ್ಲೆಯ ಮುಂದೆ, ಗಿರಾಕಿಗಳ ನಡುವೆ ನಿಲ್ಲಬೇಕು. ಅದಕ್ಕಿಂತ ನೀರು ಬಿಡುವುದೇ ಸುಲಭ. ಸಾರಿಕಾಳೂ ಹಾಗೇ ಮಾಡುತ್ತಿದ್ದಳು. ಬೀರವ್ವನಿಗೆ ಇದು ತಿಳಿದದ್ದು ಮಜ್ಜಿಗೆಯ ಲೋಟ ಹುಡುಗಿಯರ ಕೈಯಿಂದ ತುಂಬಿದ್ದು ತುಂಬಿದ ಹಾಗೆ ವಾಪಸು ಬಂದಾಗ. ಆವತ್ತೇ ಅವರು ಅಂಗಡಿಯೊಳಗೆ ಹೋಗಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

"ಏ ಹುಡುಗ್ಯಾರ, ನಿಮ್ಮ ಉಚ್ಚಿ ಯಾವ ಬಣ್ಣ ಐತಿ ಹೇಳ್ರಿ. ಗಂಜಿ ತಿಳಿಯಂಗ ತೆಳ್ಳಗ ಇರಬೇಕು. ಅರಿಷಿಣದಂಗ ಇತ್ತಂದ್ರ ನೀರು ಸಾಲೂದಿಲ್ಲ ಅಂತ ಅರ್ಥ."

"ಅತ್ತಿ, ಸಾವಕಾರ್ರು ಕೇಳ್ತಾರ!" ಎಂದು ಸಾರಿಕಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಕೇಳ್ಲಿ. ಅವರೂ ಹೊಯ್ತಾರ."

ಗಲ್ಲೆಯ ಹಿಂದಿನಿಂದ ಲಕ್ಷ್ಮೀಕಾಂತರು ಕನ್ನಡಕ ಏರಿಸಿಕೊಂಡರು. "ಮಾವಶಿ, ನೀ ತಾಕ ಮಾರ್ಲಿಕ್ಕೆ ಬಂದೀಯೋ, ನನ್ನ ಧಂದಾ ಬಂದ್ ಮಾಡ್ಲಿಕ್ಕೆ ಬಂದೀಯೋ? ನಿನ್ನ ತಾಕ ಕುಡದು ಇವರು ಗಿರಾಕಿ ಮುಂದ ಸೀರಿ ಬಿಚ್ಚಿಟ್ಟು ಮ್ಯಾಲ ಓಡ್ತಾರ."

"ಓಡ್ಲಿ ಬಿಡ್ರಿ ಸಾವಕಾರ್ರ. ಗಿರಾಕಿ ಕುಂತಿರ್ತಾನ. ನೀವ ಒಂದ ಕಪ್ ಚಹಾ ಹೇಳ್ರಿ ಅವನಿಗೆ."

ಕೀಲಿ ಈಗ ಮೆಟ್ಟಿಲಿನ ಬದಿಯ ಗೂಟದಲ್ಲಿ ತೂಗುತ್ತದೆ. ಕೇಳಿ ಪಡೆಯಬೇಕಿಲ್ಲ. ಲಕ್ಷ್ಮೀಕಾಂತರೂ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗ ಬೀರವ್ವನ ಮಜ್ಜಿಗೆ ತರಿಸಿಕೊಳ್ಳುತ್ತಾರೆ. ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಳ್ಳುತ್ತಾ ಈಚೆಗೊಂದು ದಿನ ಕೇಳಿದರು:

"ಅಲ್ಲ ಮಾವಶಿ, ಊರಿಗೆಲ್ಲ ಕುಡಸ್ತೀ. ನೀ ಒಂದ ಲೋಟ ಕುಡಿಯೂದು ಒಂದಿನಾನೂ ನೋಡಿಲ್ಲಲ್ಲ ನಾ?"

"ಮನಿಯಾಗ ಕುಡದ ಬಂದಿರ್ತೀನ್ರಿ," ಎಂದರು ಬೀರವ್ವ.

ಒಳಗೆ ಸಾರಿಕಾ ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

ಈ ಮನೆಯ ದುಃಖ ಶುರುವಾಗುವುದು ಬೀರವ್ವನ ಗಂಡ ಮಲ್ಲಯ್ಯನಿಂದ. ಬೇಸಿಗೆಯಲ್ಲಿ ಹಿಂಡಿನ ಹಿಂದೆ ನಡೆಯುವಾಗ ಕುರಿಗಳು ನೀರು ಕುಡಿಯುವ ತನಕ ತಾನು ಬಾಯಿಗೆ ನೀರು ಹಾಕಬಾರದು ಎಂಬುದು ಮಲ್ಲಯ್ಯ ತನ್ನ ಅಪ್ಪನಿಂದ ಕಲಿತ ರೀತಿ. ಹಳ್ಳ ಬತ್ತಿದ ದಿನಗಳಲ್ಲಿ ಅದು ಸಂಜೆಯ ತನಕ ಎಳೆಯುತ್ತಿತ್ತು. ಹತ್ತಾರು ವರ್ಷ ಹೀಗೆ ನಡೆದ ಮೈಯಲ್ಲಿ ಹರಳು ಹುಟ್ಟಿದ್ದು ಆಶ್ಚರ್ಯವಲ್ಲ. ಅಕ್ಕಲಕೋಟದ ಸಂತೆಗೆ ಮರಿ ಮಾರಲು ಹೋದಾಗ ನೋವು ಮೊದಲ ಸಲ ಬಂತು. ಪಕ್ಕೆಯಿಂದ ತೊಡೆಯ ಸಂದಿಗೆ ಸೀಳಿಕೊಂಡು ಇಳಿಯುವ ಆ ನೋವಿಗೆ ಮಲ್ಲಯ್ಯ ಮರಿಗಳ ನಡುವೆಯೇ ನೆಲಕ್ಕೆ ಬಿದ್ದು ಹೊರಳಾಡಿದ.

ದವಾಖಾನೆಯಲ್ಲಿ ಹರಳು ಎಂದರು, ನೀರು ಕುಡಿ ಎಂದರು, ಗುಳಿಗೆ ಕೊಟ್ಟರು. ಸಂತೆಯವರು ಇನ್ನೊಂದು ಮಾತು ಸೇರಿಸಿದರು. ಹರಳು ಎಂದರೆ ಸುಣ್ಣ, ಹಾಲಿನಲ್ಲಿ ಸುಣ್ಣ ಇರುತ್ತದೆ, ಹಾಲು ಮೊಸರು ಬಿಟ್ಟರೆ ಹರಳು ತಾನೇ ಕರಗುತ್ತದೆ ಎಂದರು. ಕೇಳಲು ಸರಿಯಾಗಿಯೇ ಇರುವ ಮಾತು ಅದು. ಓದಿದವರೂ ಹೀಗೆ ನಂಬುತ್ತಾರೆ. ಮಲ್ಲಯ್ಯ ಅದನ್ನು ಬರೀ ಪಥ್ಯವಾಗಿ ಹಿಡಿಯಲಿಲ್ಲ. ಊರಿಗೆ ಬರುವ ದಾರಿಯಲ್ಲಿ, ಅಕ್ಕಲಕೋಟದ ಈಚೆಗಿನ ದಿಬ್ಬದ ಮೇಲಿರುವ ಮೈಲಾರನ ಸಣ್ಣ ಗುಡಿಯ ಮುಂದೆ ನಿಂತು ಹರಕೆ ಹೊತ್ತ. ಮೈಯೊಳಗಿನ ಹರಳೆಲ್ಲ ಬೀಳುವ ತನಕ ಹಾಲು, ಮೊಸರು, ಮಜ್ಜಿಗೆ ಮುಟ್ಟುವುದಿಲ್ಲ. ದಿನಾ ಬೆಳಗ್ಗೆ ಮೈಲಾರನ ಭಂಡಾರವೇ ಔಷಧ.

ಭಂಡಾರವೆಂದರೆ ಅರಿಶಿನದ ಪುಡಿ. ಮೈಲಾರನ, ಬೀರೋಬನ ಒಕ್ಕಲಿನವರು ಅದನ್ನು ಹಣೆಗೆ ಹಚ್ಚುತ್ತಾರೆ, ಗಾಳಿಗೆ ತೂರುತ್ತಾರೆ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳುತ್ತಾರೆ. ಮಲ್ಲಯ್ಯ ಹಿಡಿ ತುಂಬ ತೆಗೆದು ನೀರಿನಲ್ಲಿ ಕಲಸಿ ಕುಡಿಯತೊಡಗಿದ. ಮೊದಲ ಹದಿನೈದು ದಿನದಲ್ಲೇ ಒಂದು ಹರಳು ಬಿತ್ತು. ಅದು ಬಿದ್ದದ್ದು ಹೊಸದಾಗಿ ಕುಡಿಯತೊಡಗಿದ ನೀರಿಗಿರಬಹುದು. ಮನೆಯವರಿಗೆ ಕಂಡದ್ದು ಹರಕೆಯ ಫಲ. ಒಳಗೆ ಇನ್ನೆರಡು ಉಳಿದಿದ್ದವು. ಭಂಡಾರದ ಹಿಡಿ ದೊಡ್ಡದಾಯಿತು.

ದೇಹದೊಳಗೆ ಆದದ್ದು ಇಷ್ಟು. ಬಹುಪಾಲು ಹರಳುಗಳು ಹುಟ್ಟುವುದು ಸುಣ್ಣದ ಅಂಶ ಮತ್ತು ಆಕ್ಸಲೇಟ್ ಎಂಬ ವಸ್ತು ಮೂತ್ರದಲ್ಲಿ ಕೂಡಿಕೊಂಡಾಗ. ಆಕ್ಸಲೇಟ್ ಪಾಲಕ್ ಸೊಪ್ಪಿನಲ್ಲಿದೆ, ಶೇಂಗಾದಲ್ಲಿದೆ, ಅರಿಶಿನದಲ್ಲಿ ಬಹಳ ಇದೆ. ಅರಿಶಿನದ್ದು ನೀರಿನಲ್ಲಿ ಬೇಗ ಕರಗಿ ಬೇಗ ರಕ್ತ ಸೇರುವಂಥದ್ದು. ಸಾರಿಗೆ ಹಾಕುವ ಚಿಟಿಕೆಯಿಂದ ಏನೂ ಆಗುವುದಿಲ್ಲ. ದಿನಾ ಹಿಡಿಗಟ್ಟಲೆ ಹೋದರೆ ಆಗುತ್ತದೆ. ಊಟದ ಜೊತೆಗೆ ಮೊಸರೋ ಮಜ್ಜಿಗೆಯೋ ಇದ್ದಿದ್ದರೆ ಅದರ ಸುಣ್ಣ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಮಲದ ದಾರಿಯಲ್ಲಿ ಹೊರಗೆ ಕಳಿಸುತ್ತಿತ್ತು. ಮಲ್ಲಯ್ಯ ಕಾವಲುಗಾರನನ್ನು ಮನೆಯಿಂದ ಕಳಿಸಿ ಬಾಗಿಲು ತೆರೆದಿಟ್ಟಂತಾಯಿತು. ಸೋಲಾಪುರ ಸೀಮೆಯ ಊಟದಲ್ಲಿ ಶೇಂಗಾ ಚಟ್ನಿಯ ಪಕ್ಕ ಮೊಸರು ಇದ್ದೇ ಇರುತ್ತದೆ. ಈ ಮನೆಯ ತಾಟಿನಲ್ಲಿ ಚಟ್ನಿ ಉಳಿಯಿತು, ಮೊಸರು ಹೋಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಮಲ್ಲಯ್ಯನ ಕಾಲು ಬಾತುಕೊಂಡವು, ಊಟ ಸೇರದಾಯಿತು. ಸೋಲಾಪುರದ ದೊಡ್ಡ ದವಾಖಾನೆಯಲ್ಲಿ ಮೂತ್ರಪಿಂಡದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಎಲ್ಲೆಲ್ಲೂ ಹರಳಿನ ಪುಡಿ. ಎರಡೂ ಸೋತಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬೀರವ್ವ ಗಂಡನ ರಟ್ಟೆ ಹಿಡಿದು ವಡಾಪ್ ಹತ್ತಿಸುತ್ತಿದ್ದರು. ಮೂತ್ರಪಿಂಡ ಸೋತ ಮೇಲೆ ನೀರಿನ ಲೆಕ್ಕ ತಲೆಕೆಳಗಾಗುತ್ತದೆ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಶ್ವಾಸಕ್ಕೇ ಬಂದು ಅಡರುತ್ತದೆ. ಸಣ್ಣ ಬಟ್ಟಲಿನಲ್ಲಿ ಅಳೆದು ಕೊಡಬೇಕು.

"ರಾತ್ರಿ ಹೊತ್ತು ಕೈ ಮುಗೀತಿದ್ರು ನನಗ," ಎನ್ನುತ್ತಾರೆ ಬೀರವ್ವ, ಈ ಕಥೆ ಬರೆಯಲು ಹೋದ ನನ್ನೊಡನೆ. "ಬೀರಿ, ಒಂದ ಗುಟುಕ ಕೊಡು ಅಂತಿದ್ರು. ಕೊಡಾಂಗಿರಲಿಲ್ರಿ. ಕುಡೀರಿ ಅಂದಾಗ ಕುರಿಗೆ ಮೊದಲು ಅಂದ್ರು. ಕೊಡು ಅಂದಾಗ ನಾ ಬಟ್ಟಲಾ ಹಿಡಕೊಂಡು ಮಾರಿ ಹೊಳ್ಳಿಸಿದೆ."

ಡಯಾಲಿಸಿಸ್ ಶುರುವಾದ ನಾಲ್ಕನೆಯ ತಿಂಗಳು ಮಲ್ಲಯ್ಯ ಹೋದ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹರಳುಗಳೂ ಅವನ ಜೊತೆಗೇ ಮಣ್ಣು ಸೇರಿದವು.

ದಿನಕರ್ಮ ಮುಗಿದ ಮೇಲೆ ಅಪ್ಪನ ಭಂಡಾರದ ಚೀಲ ಹಿರಿಯ ಮಗನ ಕೊರಳಿಗೆ ಬರುವುದು ಇವರ ಮನೆತನದ ಪದ್ಧತಿ. ಚೀಲದ ಜೊತೆಗೆ ತೀರದೆ ಉಳಿದ ಹರಕೆಯೂ ಬರುತ್ತದೆ. ಅಮೋಲ ಚೀಲ ಹಾಕಿಕೊಂಡ. ಮರುದಿನ ಬೆಳಗ್ಗೆ ಬೀರವ್ವ ಮಜ್ಜಿಗೆಯ ಲೋಟ ಮುಂದಿಟ್ಟಾಗ ಅದನ್ನು ಮೆಲ್ಲಗೆ ಬದಿಗೆ ಸರಿಸಿ, ಹಿಡಿ ಭಂಡಾರವನ್ನು ನೀರಿಗೆ ಕಲಸಿದ. ಹರಳೆಲ್ಲ ಬೀಳುವ ತನಕ ಎಂಬುದು ಹರಕೆಯ ಗಡುವು. ಅಪ್ಪನ ಮೈಯೊಳಗಿನ ಹರಳು ಇನ್ನು ಬೀಳುವುದೆಂತು? ಗಡುವೇ ಇಲ್ಲದ ಹರಕೆ ಮಗನ ಪಾಲಿಗೆ ಬಂತು. ವರ್ಷ ತುಂಬುವ ಮೊದಲೇ ಅಮೋಲನಿಗೆ ಪಕ್ಕೆನೋವು ಬಂತು. ಬಲಗಡೆಯ ಅಂಗ ಬತ್ತಿರುವುದು ಗೊತ್ತಾದದ್ದು ಆಗ. ಅದು ಬಹಳ ಹಿಂದಿನಿಂದಲೇ ಕೆಡುತ್ತಾ ಬಂದಿತ್ತು ಎಂದು ಡಾಕ್ಟರು ಹೇಳಿದರು. ಎಡಗಡೆಯ ಹರಳು ಮಾತ್ರ ಹೊಸದು.

ಸೋಲಾಪುರದ ಆ ದೊಡ್ಡ ದವಾಖಾನೆಯಲ್ಲಿ ಪಥ್ಯ ಹೇಳುವವಳು ಸಪ್ನಾ. ಅಕ್ಕಲಕೋಟದ ಕಡೆಯ ಹುಡುಗಿ. ಓದಿದ್ದು ಮರಾಠಿಯಲ್ಲಿ, ಮನೆಮಾತು ಕನ್ನಡ. ಅಮೋಲನಿಗೆ ಅವಳು ಹೇಳಿದ್ದು ದೊಡ್ಡ ಪಾಠವಲ್ಲ. ಮೂತ್ರ ತಿಳಿಯಾಗುವಷ್ಟು ನೀರು, ಉಪ್ಪು ಕಡಿಮೆ, ಲಿಂಬೆಹಣ್ಣು ದಿನಾ, ಮಾಂಸ ಮಿತವಾಗಿ, ಶೇಂಗಾ ಚಟ್ನಿ ತಿಂದರೆ ಜೊತೆಗೆ ಮೊಸರು, ಹಿಡಿ ಭಂಡಾರ ಬೇಡವೇ ಬೇಡ. ಬೋರಿನ ಗಡಸು ನೀರಿನ ಬಗ್ಗೆ ಕೇಳಿದಾಗ, ನೀರು ಗಡಸೆಂದು ಕುಡಿಯದೆ ಇರುವುದೇ ಹೆಚ್ಚು ಕೆಟ್ಟದ್ದು ಎಂದಳು.

"ಅಮೋಲಣ್ಣ ಎಲ್ಲಾದಕ್ಕೂ ಹೂಂ ಅಂದ್ರು," ಎಂದು ಸಪ್ನಾ ನೆನೆಸಿಕೊಳ್ಳುತ್ತಾಳೆ. "ನೀರು ಕುಡದ್ರು, ಉಪ್ಪು ಬಿಟ್ರು. ಹಾಲು ಮಜ್ಜಿಗಿ ಮಾತು ತಗದ್ರ ನೆಲಾ ನೋಡ್ತಿದ್ರು. ಕಡೀಕ ನಾನ ಮಾವಶಿಗೆ ಹೇಳ್ದೆ, ಊಟ ಬದಲ್ ಮಾಡೂದು ನನಗ ಬರ್ತದ, ಹರಕಿ ಬದಲ್ ಮಾಡೂದು ನನಗ ಬರೂದಿಲ್ಲ ಅಂತ."

ಬೀರವ್ವ ಮಗನನ್ನು ಬೈದು ನೋಡಿದರು, ಅತ್ತು ನೋಡಿದರು. ಅಮೋಲನದು ಒಂದೇ ಮಾತು.

"ಅಪ್ಪ ದೇವರ ಮುಂದ ಆಡಿದ ಮಾತು ನಾ ಅರ್ಧಕ್ಕ ಬಿಟ್ಟರ ಅಪ್ಪ ಸುಳ್ಳಗಾರ ಆಗ್ತಾನವ್ವ. ಸತ್ತ ಮನಿಷ್ಯಾಗ ಸುಳ್ಳಗಾರ ಅನಸೂದೇನ?"

ಗಂಡ ಸುಳ್ಳುಗಾರನಾಗುವುದು ಬೀರವ್ವನಿಗೂ ಬೇಕಿರಲಿಲ್ಲ. ಮಗ ಅದೇ ದಾರಿಯಲ್ಲಿ ಹೋಗುವುದನ್ನು ನೋಡುತ್ತ ಕೂರುವುದೂ ಆಗುತ್ತಿರಲಿಲ್ಲ. ಒಂದು ಭಾನುವಾರ ಮಗನನ್ನೂ ಸೊಸೆಯನ್ನೂ ಕರೆದುಕೊಂಡು ಅವರು ಆ ದಿಬ್ಬದ ಗುಡಿಗೆ ಹೋದರು. ಪೂಜಾರಿ ಶಂಕರೆಪ್ಪನವರಿಗೆ ಎಂಬತ್ತರ ಹತ್ತಿರ. ಮಲ್ಲಯ್ಯ ಹರಕೆ ಹೊತ್ತಾಗಲೂ ಅವರೇ ಇದ್ದವರು. ಕಂಬಳಿ ಹಾಸಿ ಮೂವರನ್ನೂ ಕೂರಿಸಿ ಎಲ್ಲ ಕೇಳಿದರು. ಮೊದಲು ಸಿಟ್ಟಾದದ್ದು ಭಂಡಾರದ ಮಾತಿಗೆ.

"ಹಿಡಿಗಟ್ಲೆ ತಿನ್ನಾಕ ಯಾವ ಮಗಾ ಹೇಳಿದ್ದ? ಹಣಿಗೆ ಹಚ್ಚೂದು, ನಾಲಿಗಿ ತುದಿಗೆ ಒಂದ ಚಿಟಿಕಿ. ಮೈಲಾರ ಹಿಡಿ ಅಳದು ತಿನ್ನು ಅಂದಾನೇನ ನಿಮಗ? ಇವತ್ತಿಗೆ ಬಂದ್ ಮಾಡು."

ಅಮೋಲ ತಲೆಯಾಡಿಸಿದ.

"ಹಾಲು ಬಿಟ್ಟದ್ದು ಮಾತ್ರ ಬ್ಯಾರೆ. ಅದು ಮಾತು," ಎಂದರು ಶಂಕರೆಪ್ಪ. "ಆಡಿದಂವ ಮಣ್ಣಾಗ ಅದಾನ. ಮಾತು ಮಣ್ಣಿಗೆ ಹೋಗಿಲ್ಲ. ಮನಿತಾನದಾಗ ಯಾರರ ಒಬ್ರು ಹೊರಬೇಕು."

"ಹೆಣ್ಣಮಗಳು ಹೊತ್ತರ ನಡೀತೈತೇನ್ರಿ ಮುತ್ಯಾ?"

ಶಂಕರೆಪ್ಪ ಅವರತ್ತ ತಿರುಗಿದರು. "ನೀ ಯಾಕ ಹೊರ್ತೀ ತಂಗಿ? ಇದಕ ಕಡೀ ಇಲ್ಲ. ನೀ ಸಾಯೂತನಕ ಇದು."

"ನಡೀತೈತೋ ಇಲ್ಲೋ, ಅಷ್ಟ ಹೇಳ್ರಿ."

"ನಡೀತೈತಿ."

"ಅವ್ವಾ, ಬ್ಯಾಡ!" ಎಂದು ಅಮೋಲ ಎದ್ದು ಬರುವಷ್ಟರಲ್ಲಿ ಬೀರವ್ವ ಸೆರಗು ಒಡ್ಡಿ ಆಗಿತ್ತು. ಶಂಕರೆಪ್ಪ ಮಗನ ಕೊರಳಿನ ಚೀಲದಿಂದಲೇ ಒಂದು ಚಿಟಿಕೆ ತೆಗೆದು ತಾಯಿಯ ಸೆರಗಿಗೆ ಹಾಕಿದರು. ಆಮೇಲೆ ಗುಡಿಯ ಹಿಂದಿನ ಮನೆಯಿಂದ ಒಂದು ಬಟ್ಟಲು ಹಾಲು ತರಿಸಿ ಅಮೋಲನ ಕೈಗೆ ಕೊಟ್ಟರು. ಕುಡಿಯೋ ಎಂದರು. ಸಾರಿಕಾಗೆ ನೆನಪಿರುವುದು ಗಂಡನ ಹಲ್ಲು ಬಟ್ಟಲಿನ ಅಂಚಿಗೆ ಕಟಕಟ ಬಡಿಯುತ್ತಿದ್ದ ಸದ್ದು.

ಅಲ್ಲಿಂದ ಈಚೆಗೆ ಎರಡು ಬೇಸಿಗೆ ಕಳೆದಿವೆ. ಕಡೆದ ಮೊದಲ ಮಜ್ಜಿಗೆಯನ್ನು ನಿಂತ ನಿಲುವಿನಲ್ಲೇ ಕುಡಿಯುತ್ತಿದ್ದ, ಬೆರಳಿಗಂಟಿದ ಬೆಣ್ಣೆಯನ್ನು ನೆಕ್ಕದೆ ಕೈ ತೊಳೆಯದ ಬೀರವ್ವ, ಈಗ ಅಷ್ಟನ್ನೂ ಬೇರೆಯವರಿಗಾಗಿ ಮಾಡುತ್ತಾರೆ. ಕಷ್ಟವಾಗುವುದಿಲ್ಲವೇ ಎಂದರೆ ನಗುತ್ತಾರೆ.

"ಬಾಯಿ ಕಟ್ಟಬೌದ್ರಿ. ಕೈಗೆ ವಾಸನಿ ಬರ್ತೈತಲ್ಲ, ಅದಕ ಏನ ಮಾಡೂದು? ರಾತ್ರಿ ಮಕ್ಕೊಂಡಾಗ ತಲಿ ಕೆಳಗ ಕೈ ಇಟ್ಟರ ಮಜ್ಜಿಗಿ ವಾಸನಿ. ಕೈ ಕಡದು ಒಗ್ಯಾಕ ಬರೂದಿಲ್ಲ."

ವಿಷಯ ತಿಳಿದ ದಿನ ಸಪ್ನಾ ಸಿಟ್ಟಾಗಿದ್ದಳಂತೆ. ಈ ವಯಸ್ಸಿನಲ್ಲಿ ಹಾಲು ಮೊಸರು ಬಿಟ್ಟ ಹೆಂಗಸಿನ ಎಲುಬು ಒಳಗೊಳಗೇ ಸವೆಯುತ್ತದೆ. "ಮಗನ ಕಿಡ್ನಿ ಉಳಸಾಕ ಹೋಗಿ ನಿಮ್ಮ ಎಲುಬು ಮುರಕೋತೀರೇನ ಮಾವಶಿ?" ಎಂದು ಗದರಿ, ನಾಚಣಿಯ ಭಕ್ರಿ, ಅಂದರೆ ರಾಗಿರೊಟ್ಟಿ, ನುಗ್ಗೆಸೊಪ್ಪು ತಿನ್ನಲು ಹೇಳಿದಳು. ಬೀರವ್ವ ತಿನ್ನುತ್ತಾರೆ. ಈ ಮಳೆಗಾಲದಲ್ಲಿ ಕ್ಯಾನು ಎತ್ತುವಾಗ ಮಣಿಕಟ್ಟಿನ ಎಲುಬು ಬಿರಿದು ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದರು. ಜಾರಿ ಬಿದ್ದೆ ಎಂದು ನವಿ ಪೇಠೆಯಲ್ಲಿ ಹೇಳಿದರು. ಬಿದ್ದಿರಲಿಲ್ಲ.

ಹೋದ ತಿಂಗಳು ಅಮೋಲನ ಸೋನೋಗ್ರಫಿ ಆಯಿತು. ಎಡಗಡೆಯ ಹರಳು ಬೆಳೆದಿಲ್ಲ, ಹೊಸದು ಹುಟ್ಟಿಲ್ಲ. ಇದ್ದದ್ದು ಹೋಗಿಲ್ಲ. ಬಲಗಡೆಯದು ತಿರುಗಿ ಬರುವುದಿಲ್ಲ. ಡಾಕ್ಟರು ಹೀಗೇ ನಡೆಸಿ ಎಂದರು. ಇದಕ್ಕಿಂತ ದೊಡ್ಡ ಸಿಹಿಸುದ್ದಿ ಈ ಮನೆಗೆ ಬರುವಂತಿಲ್ಲ. ಬೀರವ್ವ ಆ ದಿನ ಮೆಟ್ಟಿಲ ಮೇಲೆ ಕೂತು ಸಂಜೆಯ ತನಕ ಎಲ್ಲರಿಗೂ ಎರಡೆರಡು ಲೋಟ ಹೊಯ್ದರು. ಯಾಕೆ ಎಂದು ಕೈಲಾಸ ಕೇಳಿದರೆ, "ಬಾಯಿ ಮುಚಗೊಂಡು ಕುಡಿಯೋ" ಎಂದು ಗದರಿದರು.

ಸಂಜೆ ಕತ್ತಲಾಗುವ ಹೊತ್ತಿಗೆ ಅತ್ತೆ ಸೊಸೆ ಮನೆ ಮುಟ್ಟುತ್ತಾರೆ. ಕುರಿಗಳು ಆಗಲೇ ದೊಡ್ಡಿಯಲ್ಲಿವೆ. ಒಲೆಯ ಮುಂದೆ ತಾಟು ಹಾಕಿದ್ದಾರೆ. ಬಿಸಿ ಜೋಳದ ಭಕ್ರಿ, ಸ್ವಲ್ಪವೇ ಸ್ವಲ್ಪ ಶೇಂಗಾ ಚಟ್ನಿ, ಹೆಸರುಬೇಳೆ, ಅಮೋಲನ ತಾಟಿನ ಪಕ್ಕ ತುಂಬಿದ ಮಜ್ಜಿಗೆಯ ಲೋಟ. ಬೀರವ್ವನ ತಾಟಿನ ಪಕ್ಕ ನೀರು. ಅಮೋಲ ಭಕ್ರಿ ಮುರಿಯುತ್ತಾನೆ, ಕುರಿಗಳ ಸುದ್ದಿ ಹೇಳುತ್ತಾನೆ, ಸಾರಿಕಾಳ ಅಂಗಡಿಯ ಸುದ್ದಿ ಕೇಳಿ ನಗುತ್ತಾನೆ. ಊಟದ ನಡುವೆ ಲೋಟ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಗೆ ಹೋಗುತ್ತಾನೆ. ಎಮ್ಮೆಗಳ ನಡುವೆ ಬೆನ್ನು ತಿರುಗಿಸಿ ನಿಂತು, ಒಂದೇ ಉಸಿರಿಗೆ ಕುಡಿದು, ಲೋಟ ತೊಳೆದುಕೊಂಡೇ ಒಳಗೆ ಬರುತ್ತಾನೆ. ಗುಡಿಗೆ ಹೋಗಿ ಬಂದ ದಿನದಿಂದ ಹೀಗೇ.

"ಒಂದೊಂದು ಗುಟುಕಿಗೂ ಅವ್ವನ ಬಾಯಾಗಿಂದ ಕಸಗೊಂಡಂಗ ಆಗ್ತೈತ್ರಿ," ಎನ್ನುತ್ತಾನೆ ಅಮೋಲ ನನಗೆ, ದನಿ ತಗ್ಗಿಸಿ, ತಾಯಿಗೆ ಕೇಳದಂತೆ. "ಆಕಿ ಮುಂದ ಕುಂತು ಹೆಂಗ ಕುಡೀಲಿ?"

ಒಲೆಯ ಬಳಿ ಪಾತ್ರೆ ಸರಿಸುತ್ತಿರುವ ಬೀರವ್ವನಿಗೆ ಎಲ್ಲ ಕೇಳಿಸಿದೆ. ಮಗ ದೊಡ್ಡಿಯ ಬಾಗಿಲು ಹಾಕಲು ಹೊರಗೆ ಹೋಗುವ ತನಕ ಪಾತ್ರೆ ತೊಳೆಯುತ್ತಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನಗೆ ಮೆಲ್ಲಗೆ ಹೇಳುತ್ತಾರೆ:

"ಕುಡೀತಾನಲ್ರಿ, ಸಾಕು. ಅವನ ಕಿಡ್ನಿಗೆ ಕೊಟ್ಟಿಗ್ಯಾದ್ರೇನು, ಪಡಸಾಲಿಯಾದ್ರೇನು. ಆದ್ರ ಒಂದ ಆಸೆ ಐತ್ರಿ ನನಗ. ಒಂದಿನ ಅಂವ ಇಲ್ಲೆ ಕುಂತು, ನನ್ನ ಮಾರಿ ನೋಡಿಕೊಂತ, ಸಾವಕಾಶ ಕುಡೀಬೇಕು. ಹೆಂಗಾಗೈತೋ ಇವತ್ತಿನ ಮಜ್ಜಿಗಿ ಅಂತ ನಾ ಕೇಳಬೇಕಾಗಿಲ್ಲ, ಅಂವನ ಹೇಳಬೇಕು."